ಪಾಂಬನ್‌ನ ಹಳೆಯ ರೆಕ್ಕೆಗಳನ್ನು ಗುಜರಿಗೆ ಹಾಕಬೇಡಿ

ರೈಲ್ವೆ ರಾಜ್ಯ ಸಚಿವರಾದ ಶ್ರೀ ವಿ. ಸೋಮಣ್ಣ ಅವರಿಗೆ,

ನಮಸ್ಕಾರ ಸರ್.

ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಅನ್ನೋ ಗಾದೆ ನಮ್ಮಲ್ಲಿದೆ. ಕಡಲ ಮೇಲೆ ಹಾಯ್ದು ರಾಮೇಶ್ವರ ದ್ವೀಪ ಮುಟ್ಟುವ ಪಾಂಬನ್‌ನ ಹಳೆಯ ರೈಲು ಸೇತುವೆಗೆ ಉಪ್ಪುಗಾಳಿಯೇ ಆ ಶನಿ. 1914ರಿಂದ ಅದು ಕಬ್ಬಿಣ ತಿನ್ನುತ್ತಲೇ ಬಂತು. 2022ರ ಡಿಸೆಂಬರ್‌ನಲ್ಲಿ ರೈಲು ನಿಂತಿತು. 2025ರ ಏಪ್ರಿಲ್‌ನಲ್ಲಿ ಪಕ್ಕದ ಹೊಸ ಸೇತುವೆ ಸಂಚಾರಕ್ಕೆ ತೆರೆಯಿತು. ಈಗ ಹಳೆಯದನ್ನು ಕಳಚುವ ಮಾತು.

ಎರಡು ಕಿಲೋಮೀಟರ್ ಸೇತುವೆಯನ್ನು ಪೂರ್ತಿ ಉಳಿಸಿ ಅಂತ ನಾನು ಹಠ ಮಾಡುವುದಿಲ್ಲ. ತುಕ್ಕು ಹಿಡಿದ ಗರ್ಡರ್‌ಗಳನ್ನು ಕಡಲ ಮೇಲೆ ಹಾಗೇ ಬಿಟ್ಟರೆ ದೋಣಿಗಳಿಗೇ ಅಪಾಯ. ಆದರೆ ಹಡಗಿಗೆ ದಾರಿ ಬಿಡಲು ತೆರೆದುಕೊಳ್ಳುತ್ತಿದ್ದ ನಡುವಿನ ಭಾಗದ, ಅಂದರೆ ಶೆರ್ಜರ್ ಅಂಕಣದ ವಿಷಯ ಬೇರೆ. ಉಕ್ಕಿನ ಪಟ್ಟಿಗಳನ್ನು ತ್ರಿಕೋನ ತ್ರಿಕೋನವಾಗಿ ಹೆಣೆದ ಎರಡು ರೆಕ್ಕೆಗಳವು. ಹಡಗು ಬಂದರೆ ಸಾಕು, ತೂಗುಕುರ್ಚಿ ಹಿಂದಕ್ಕೆ ವಾಲುವ ಹಾಗೆ ಎರಡೂ ಉರುಳಿ ಮೇಲೇಳುತ್ತಿದ್ದವು. ಸಮತೂಕಕ್ಕೆ ಹಿಂದೆ ಇಟ್ಟ ಭಾರ ಅಷ್ಟು ಲೆಕ್ಕವಾಗಿ ಕೂತಿತ್ತು. ಮೋಟಾರ್ ಇಲ್ಲ, ಕೆಲಸಗಾರರು ಕೈಯಲ್ಲೇ ತಿರುಗಿಸುತ್ತಿದ್ದರು!

1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಡಿಯ ಹತ್ತಿರ ಇಡೀ ರೈಲನ್ನೇ ನುಂಗಿತು. ಸೇತುವೆಯ ನೂರಕ್ಕೂ ಜಾಸ್ತಿ ಗರ್ಡರ್‌ಗಳು ನೀರುಪಾಲಾದವು. ಆಗಲೂ ಈ ರೆಕ್ಕೆಗಳು ಉಳಿದವು. ಮುಳುಗಿದ್ದ ಗರ್ಡರ್‌ಗಳನ್ನು ಹುಡುಕಿ ಎತ್ತಿ, 46 ದಿನದಲ್ಲಿ ಸೇತುವೆ ರಿಪೇರಿ ಮಾಡಿಸಿದ್ದು ಆಗಿನ್ನೂ ಯುವ ರೈಲ್ವೆ ಇಂಜಿನಿಯರ್ ಆಗಿದ್ದ ಇ. ಶ್ರೀಧರನ್. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲು ತಂದವರೂ ಅವರೇ ಅಲ್ವಾ?

ಕಳಚುವುದರಲ್ಲಿ ಎರಡು ಬಗೆ ಇದೆ. ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿ ಕೆಜಿ ಲೆಕ್ಕಕ್ಕೆ ಮಾರುವುದು ಒಂದು. ಒಂದೊಂದು ತುಂಡಿಗೂ ನಂಬರ್ ಹಾಕಿ, ರಿವೆಟ್ ಬಿಡಿಸಿ, ದಡಕ್ಕೆ ತರುವುದು ಇನ್ನೊಂದು. ಎರಡನೆಯದಕ್ಕೆ ದುಡ್ಡು, ಸಮಯ ಎರಡೂ ಜಾಸ್ತಿ ಬೇಕು, ಸುಮ್ನೆ ಮುಚ್ಚಿಡುವುದಿಲ್ಲ. ಆಮೇಲೆ ತುಕ್ಕು ಕೆರೆದು, ಸವೆದ ಪಟ್ಟಿ ಬದಲಿಸಿ, ಬಣ್ಣ ಬಳಿದು ಪಾಂಬನ್ ದಡದಲ್ಲೇ ಜೋಡಿಸಿ ನಿಲ್ಲಿಸಬಹುದು. ಎರಡೂ ರೆಕ್ಕೆ ಆಗದಿದ್ದರೆ ಒಂದಾದರೂ ಸರಿ. ಮೈಸೂರಿನ ರೈಲು ಮ್ಯೂಸಿಯಂ ಹಳೆಯ ಇಂಜಿನ್‌ಗಳನ್ನೂ ಮಹಾರಾಣಿಯ ಸಲೂನ್ ಬೋಗಿಯನ್ನೂ ಇಟ್ಟುಕೊಂಡಿಲ್ಲವೇ? ಮಕ್ಕಳು ಅವುಗಳನ್ನು ಮುಟ್ಟಿ ನೋಡುತ್ತವೆ. ಫೋಟೋದಲ್ಲಿ ಆ ಮಜಾ ಇಲ್ಲ.

ಕಳಚುವ ಕೆಲಸದ ಷರತ್ತುಗಳಲ್ಲಿ ಒಂದೇ ಒಂದು ಸಾಲು ಸೇರಿಸಿಕೊಡಿ ಸರ್: ನಡುವಿನ ಅಂಕಣಕ್ಕೆ ಗ್ಯಾಸ್ ಕಟ್ಟರ್ ಮುಟ್ಟಿಸಬಾರದು.

ಇಂತಿ,
ನಿಮ್ಮ ತುಮಕೂರು ಕ್ಷೇತ್ರದ ಒಬ್ಬ ರೈಲು ಪ್ರಯಾಣಿಕ