ತಪ್ಪು ನನ್ನದಲ್ಲ ಎಂದವರಿಗೆ

ನಮ್ಮ ಅವಳಿ ಮಕ್ಕಳಿಗೆ ಈ ವಾರ ಒಂದು ವರ್ಷ ತುಂಬಿತು. 31ನೇ ವಾರಕ್ಕೇ ಹುಟ್ಟಿದವರು. ಮಗಳು 1,400 ಗ್ರಾಂ, ಮಗ 1,150. ಈಗ ಇಬ್ಬರೂ ಸೇರಿ ಅಡುಗೆಮನೆಯ ಒಂದು ಡಬ್ಬವನ್ನೂ ನೆಟ್ಟಗೆ ನಿಲ್ಲಲು ಬಿಡುತ್ತಿಲ್ಲ.

ಮೊದಲ ನಮಸ್ಕಾರ ಪಾಂಡವಪುರದಲ್ಲಿ ಆ ರಾತ್ರಿ ಪಾಳಿಯಲ್ಲಿದ್ದ ನರ್ಸ್ ಅವರಿಗೆ. ಮೈಸೂರಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟು ಸುಮ್ಮನಿರಬಹುದಿತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಟ್ಟು, ಕೊಟ್ಟ ಸಮಯವನ್ನು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದರು. 12 ಗಂಟೆಗೊಂದರಂತೆ ನಾಲ್ಕು ಡೋಸ್, ಮಕ್ಕಳ ಶ್ವಾಸಕೋಶ ಬೇಗ ಬಲಿಯಲೆಂದು. ಮೈಸೂರಿನಲ್ಲಿ ಲೆಕ್ಕ ಆ ಕೆಂಪು ಗೆರೆಯಿಂದಲೇ ಮುಂದುವರಿಯಿತು. ನಾಲ್ಕೂ ಮುಗಿದ ಮೇಲೆಯೇ ಹೆರಿಗೆಯಾಯಿತು. ಶ್ರೀರಂಗಪಟ್ಟಣದವರೆಗೆ ಪ್ರತಿ ಉಬ್ಬಿನಲ್ಲೂ ವೇಗ ತಗ್ಗಿಸಿದ 108ರ ಚಾಲಕರಿಗೂ ಶರಣು.

ಮೆಟ್ಟಿಲು ಹತ್ತಿದಳು, ಪರಂಗಿಹಣ್ಣು ತಿಂದಳು, ಗ್ರಹಣದ ದಿನ ಹೊಸಿಲು ದಾಟಿದಳು ಎಂದು ವಾರ್ಡಿನ ಹೊರಗೆ ನೆಂಟರು ನನ್ನ ವಿಚಾರಣೆ ನಡೆಸುತ್ತಿದ್ದರಂತೆ. ಡಾಕ್ಟರಮ್ಮ ಎಲ್ಲರನ್ನೂ ನನ್ನ ಮಂಚದ ಬಳಿಗೇ ಕರೆಸಿದರು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ, ತ್ರಿವಳಿಗಳಾದರೆ ಬಹುತೇಕ ಎಲ್ಲರೂ. ಗರ್ಭಕೋಶ ಹಿಗ್ಗುವುದಕ್ಕೂ ಒಂದು ಮಿತಿಯಿದೆ. ಈಕೆ ಒಂಬತ್ತು ತಿಂಗಳೂ ಮಲಗಿಯೇ ಇದ್ದಿದ್ದರೂ ಇದು ತಪ್ಪುತ್ತಿತ್ತು ಎನ್ನಲು ಆಧಾರವಿಲ್ಲ ಎಂದರು. ಆಮೇಲೆ ಗ್ರಹಣದ ಮಾತು ನಿಂತಿತು. ಔಷಧಗಳ ಬಿಲ್ಲನ್ನು ಹೇಗೋ ಕಟ್ಟಿದೆವು, ಈ ಮಾತಿಗೆ ಏನು ಕೊಡಲಿ?

ಅತ್ತೆಯವರಿಗೆ ಹೇಳಬೇಕಾದ್ದು ಬಹಳವಿದೆ. ಮಗುವನ್ನು ಬರಿಮೈಯಲ್ಲಿ ಎದೆಗೆ ಅವಚಿಕೊಳ್ಳುವ ಕಾಂಗರೂ ಆರೈಕೆ, ಇನ್‌ಕ್ಯುಬೇಟರ್ ಸಾಲದೆ ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಶುರುವಾದದ್ದು. ಅತ್ತೆಗೆ ಕೊಲಂಬಿಯಾ ಎಲ್ಲಿದೆಯೋ ತಿಳಿಯದು. ಮೊಮ್ಮಗನನ್ನು ಸೆರಗಿನೊಳಗೆ ಕಟ್ಟಿಕೊಂಡು ಗಂಟೆಗಟ್ಟಲೆ ಅಲುಗಾಡದೆ ಕೂರುವುದು ಮಾತ್ರ ಚೆನ್ನಾಗಿ ತಿಳಿದಿತ್ತು. ನಾನು ಹಿಂಡಿಕೊಟ್ಟ ಹಾಲನ್ನು ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸಲು ಸಿಸ್ಟರ್‌ಗಳು ಕಲಿಸಿದಾಗ, ‘ಇದನ್ನು ನಮ್ಮಮ್ಮನೇ ಕಲಿಸಿದ್ದಳು’ ಎಂದು ಅವರಿಗೇ ಪಾಠ ಹೇಳಿದರು.

ತಿಂಗಳೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕೆಂದು ಪಟ್ಟುಹಿಡಿದ ಆಶಾ ಕಾರ್ಯಕರ್ತೆಗೆ, ಬೇಗ ಹುಟ್ಟಿದ ಮಕ್ಕಳ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕೆಂದು ಅರಿತು ‘ಇನ್ನೂ ಕೂರುವುದಿಲ್ಲವೇ?’ ಎಂದು ಕೇಳದೆ ಉಳಿದ ಬೆರಳೆಣಿಕೆಯ ಬಂಧುಗಳಿಗೆ ವಂದನೆ.

ಪಾಂಡವಪುರದ ಆ ನರ್ಸ್ ಹೆಸರು ಕೇಳಿಕೊಳ್ಳಲು ಆ ಹೊತ್ತಿನಲ್ಲಿ ಯಾರಿಗೂ ತೋಚಲಿಲ್ಲ. ಕೆಂಪು ಶಾಯಿಯ ಚೀಟಿ ನಮ್ಮಲ್ಲಿದೆ, ಸಹಿ ಓದಲು ಬರುತ್ತಿಲ್ಲ. ನಿಮಗೆ ಗುರುತು ಸಿಕ್ಕರೆ ತಿಳಿಸಿ. ಅತ್ತೆ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಲು ಕಾಯುತ್ತಿದ್ದಾರೆ.