ಮಂಜುಳಾಗೆ ‘ಹೊಂದಿಕೊಂಡು ಹೋಗು’ ಎನ್ನಬೇಡಿ

ಬರ್ಮಿಂಗ್‌ಹ್ಯಾಮ್
ಭಾನುವಾರ

ತೀರ್ಥರೂಪ ಅಪ್ಪನವರಿಗೆ, ಮಗಳು ಸವಿತಾ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಾಲೆಗೆ ನೀರು ಬಿಟ್ಟರೆಂದು ಅಮ್ಮ ಹೇಳಿದರು. ಒಟ್ಲು ಹಾಕಿದಿರಾ?

ಈ ಪತ್ರ ನಮ್ಮ ಮಂಜುಳಾಳ ನರ್ಸ್ ಕೆಲಸದ ವಿಚಾರಕ್ಕೆ. ಮೈಸೂರಿನ ಆ ಆಸ್ಪತ್ರೆಯ ಇನ್‌ಚಾರ್ಜ್ ಸಿಸ್ಟರ್ ರೋಗಿಗಳ ಕಡೆಯವರ ಎದುರಿಗೇ ಅವಳನ್ನು ಬೈಯುತ್ತಾರಂತೆ, ಬೇಕೆಂದೇ ಒಂದರ ಹಿಂದೊಂದು ನೈಟ್ ಡ್ಯೂಟಿ ಹಾಕುತ್ತಾರಂತೆ. ನೀವು ‘ಹೊಂದಿಕೊಂಡು ಹೋಗಮ್ಮ’ ಎಂದಿರಂತೆ. ಕೇಳಿ ಸಿಟ್ಟು ಬಂತಪ್ಪ, ನಿಮ್ಮ ಮೇಲೆಯೇ.

ಇಲ್ಲೂ ಇದಕ್ಕೇನೂ ಕೊರತೆಯಿಲ್ಲ. ಮಾರ್ಫಿನ್‌ನಂಥ ಬಲವಾದ ನೋವಿನ ಔಷಧಿ ಕೊಡುವಾಗ ಇಬ್ಬರು ಅಳತೆ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ನಾನು ಹೊಸಬಳಾಗಿದ್ದಾಗ ಹಿರಿಯ ನರ್ಸೊಬ್ಬಳು ನಾನು ಕರೆದರೆ ಮಾತ್ರ ಏಳುತ್ತಿರಲಿಲ್ಲ. ಸೊಂಟದ ಕೀಲಿನ ಆಪರೇಷನ್ ಆದ ಮುದುಕರೊಬ್ಬರು ಮಂಚದ ಕಂಬಿ ಹಿಡಿದು ನರಳುತ್ತಿದ್ದರು. ನಾನು ಔಷಧಿ ಕಪಾಟಿನ ಬೀಗದ ಕೈ ಹಿಡಿದು ಅವಳ ಮುಂದೆ ನಿಂತಿದ್ದೆ. ಅವಳು ಪಕ್ಕದವಳೊಂದಿಗೆ ರಜೆಯ ಮಾತು ಆಡುತ್ತಲೇ ಇದ್ದಳು. ಹಗೆ ನನ್ನ ಮೇಲೆ, ನೋವು ತಿಂದದ್ದು ಆ ಮುದುಕರು. ಬೈಗುಳಕ್ಕೆ ಹೆದರಿದ ಹುಡುಗಿ ಡೋಸಿನ ಬಗ್ಗೆ ಅನುಮಾನ ಬಂದರೂ ಬಾಯಿ ಬಿಡುವುದಿಲ್ಲ. ‘ಹೆಂಗಸರ ಜಗಳ’ ಎನ್ನುವವರಿಗೆ ಇದು ತಿಳಿಯದು.

ಆ ಸಿಸ್ಟರ್ ಕೂಡ ಒಂದು ಕಾಲಕ್ಕೆ ಅತ್ತಿರಬಹುದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬುದು ವಾರ್ಡಿನಲ್ಲೂ ನಡೆಯುತ್ತದೆ. ಅದಕ್ಕೆ ನಮ್ಮ ಮಂಜು ಏಕೆ ಬೆಲೆ ತೆರಬೇಕು?

ಇಲ್ಲಿನ ಸ್ಟ್ಯಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಕೆಟ್ಟುಹೋದ ಅವಾಂತರದ ವಿಚಾರಣೆ ನಡೆಸಿದ್ದ ವಕೀಲ ರಾಬರ್ಟ್ ಫ್ರಾನ್ಸಿಸ್, ಸಿಬ್ಬಂದಿ ಹೆದರದೆ ಬಾಯಿ ಬಿಡುವಂತಾಗಬೇಕೆಂದು 2015ರಲ್ಲಿ ಇನ್ನೊಂದು ವರದಿ ಕೊಟ್ಟರು. ಆಮೇಲೆ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ಅಹವಾಲು ಕೇಳಲೆಂದೇ ‘ಸ್ಪೀಕ್ ಅಪ್ ಗಾರ್ಡಿಯನ್’ ಎಂಬವರು ಬಂದರು. ಆ ಹಿರಿಯ ನರ್ಸಿನ ವಿಚಾರಕ್ಕೆ ನಾನೂ ಅವರ ಬಳಿ ಹೋಗಿದ್ದೆ. ಕೊನೆಗೆ ವಾರ್ಡು ಬದಲಾದದ್ದು ನನ್ನದೇ, ಅವಳದಲ್ಲ! ಆದರೂ ಅವಳ ನಡತೆ ಕಾಗದದ ಮೇಲೆ ಬಂತು. ನನ್ನ ನಂತರ ಬಂದ ಕೇರಳದ ಹುಡುಗಿಯ ದೂರನ್ನು ಯಾರೂ ತಳ್ಳಿಹಾಕಲಾಗಲಿಲ್ಲ.

ನಮ್ಮಲ್ಲಿ ಕೆಲಸದ ಜಾಗದಲ್ಲಿ ಹೆಂಗಸರ ರಕ್ಷಣೆಗೆಂದು ಬಂದ 2013ರ ಕಾಯ್ದೆ ಲೈಂಗಿಕ ಕಿರುಕುಳಕ್ಕಷ್ಟೇ. ಇಂಥ ಬೈಗುಳ ಅದರೊಳಗೆ ಬರುವುದಿಲ್ಲ. ಹಾಗಾಗಿ ಮಂಜು ದಿನಾಂಕ, ವೇಳೆ, ಆಡಿದ ಮಾತು, ಎದುರಿಗಿದ್ದವರ ಹೆಸರು ಬರೆದಿಡಲಿ. ಡ್ಯೂಟಿ ಪಟ್ಟಿಯ ಫೋಟೊ ಇಟ್ಟುಕೊಳ್ಳಲಿ. ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಲಿಖಿತವಾಗಿ ಕೊಟ್ಟು, ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಲಿ.

ನೀವು ಈ ವಾರವೇ ಮೈಸೂರಿಗೆ ಹೋಗಿ ಅವಳನ್ನು ಕಂಡು ಬನ್ನಿ. ಬುದ್ಧಿ ಹೇಳಬೇಡಿ, ಅವಳ ಮಾತು ಕೇಳಿ. ಕೆಲಸ ಬಿಡುತ್ತೇನೆಂದರೆ ಬಿಡಲಿ, ಬೇರೆ ಸಿಗುವವರೆಗೆ ಹಾಸ್ಟೆಲಿನ ಹಣ ನಾನು ಕಳುಹಿಸುತ್ತೇನೆ. ಅಮ್ಮನಿಗೆ ಮಂಡಿನೋವಿನ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಬೇಡವೆನ್ನಿ.

ನಿಮ್ಮ ಮಗಳು,
ಸವಿತಾ