ಹುಣಸೆಹಣ್ಣು ಹಚ್ಬೇಡ ಪುಟ್ಟಿ

ಪುಟ್ಟಿ,

ನೀನು ಲಂಡನ್ನಲ್ಲಿ ತಗೊಂಡ ಐದು ರೋಮನ್ ಕಾಸಿನ ಫೋಟೋ ನೋಡ್ದೆ. ತೊಳೆದು ಪಳಪಳ ಅನ್ನಿಸ್ತೀನಿ ದೊಡ್ಡಪ್ಪ ಅಂತ ಬರ್ದಿದೀಯಲ್ಲ, ಅದೊಂದು ಮಾಡ್ಬೇಡಮ್ಮ. ನಿನ್ನ ವಯಸ್ಸಲ್ಲಿ ನಾನು ಅಜ್ಜನ ಡಬ್ಬೀಲಿದ್ದ ಟಿಪ್ಪು ಕಾಲದ ಆನೆ ಕಾಸನ್ನ ದೇವರ ಪಾತ್ರೆ ಥರ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ, ಹೊಳೀತು ನಿಜ, ಆದ್ರೆ ಆನೆ ಸೊಂಡಿಲೇ ಮಾಯ, ಅಜ್ಜ ಎರಡು ದಿನ ಮಾತಾಡ್ಲಿಲ್ಲ. ಸಣ್ಣ ಗೆರೆಗಳೆಲ್ಲ ಹಳೇ ಕಾಸಿನ ಮೇಲೆ ಕೂತಿರೋ ಕಂದು-ಹಸಿರು ಪದರದಲ್ಲೇ ಉಳ್ಕೊಂಡಿರ್ತವೆ.

ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರಲ್ಲಿ ನೆನೆಹಾಕು, ದಿನಾ ನೀರು ಬದಲಾಯಿಸು, ಮಣ್ಣು ಮೆತ್ತಗಾದ್ಮೇಲೆ ಟೂತ್‌ಪಿಕ್ಕಲ್ಲಿ ಮೆಲ್ಲಗೆ ಕೆರಿ. ತಿಳಿಹಸಿರು ಪುಡಿ ಉದುರೋದಿದ್ರೆ ಅದಕ್ಕೆ ಬ್ರಾಂಜ್ ಡಿಸೀಸ್, ಅಂದ್ರೆ ಕಂಚಿನ ರೋಗ, ತೇವ ಸಿಕ್ರೆ ಒಳಗಿಂದ ತಿಂದು ಹಾಕುತ್ತೆ, ಬೇರೆ ಡಬ್ಬೀಲಿ ಒಣಗಿಸಿಡು.

ಈಗ ನಿನ್ನ ಮೂರನೇ ಕಾಸು. ಸೈನಿಕ ಈಟಿ ಹಿಡಿದು ಕುದುರೆಯಿಂದ ಬೀಳ್ತಿರೋನನ್ನ ತಿವೀತಿದ್ದಾನಲ್ಲ, ಸುತ್ತ 'ಫೆಲ್ ಟೆಂಪ್ ರೆಪರಾಷಿಯೊ' ಅಂತಿದೆ, ಒಳ್ಳೆ ಕಾಲ ಮರಳಿ ಬಂತು ಅನ್ನೋ ಅರ್ಥ, ರೋಮನ್ ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್‌ದು. ಕ್ರಿ.ಶ. 348ರಲ್ಲಿ ಶುರುವಾದಾಗ ಈ ಕಾಸು ದೊಡ್ಡದಾಗೇ ಇತ್ತು, ಹತ್ತು ವರ್ಷದೊಳಗೆ ಬೆರಳುಗುರಿನಷ್ಟಾಯ್ತು, ಬರಹ ಮಾತ್ರ ಅದೇ! ಒಳ್ಳೆ ಕಾಲ ಅಂತೆ. 350ರಲ್ಲಿ ಮ್ಯಾಗ್ನೆಂಟಿಯಸ್ ಅನ್ನೋನು ಪಟ್ಟ ಕಿತ್ಕೊಂಡ, ಕಾನ್‌ಸ್ಟಾಂಟಿಯಸ್‌ನ ತಮ್ಮ ಕಾನ್‌ಸ್ಟನ್ಸ್ ಕೊಲೆಯಾದ, ಮಾರನೇ ವರ್ಷ ಮುರ್ಸಾ ಅನ್ನೋ ಊರಿನ ಯುದ್ಧದಲ್ಲಿ ರೋಮನ್ನರನ್ನ ರೋಮನ್ನರೇ ಕಡಿದ್ರು. ಕಾಸಿನ ಮೇಲೆ ಬೀಳ್ತಿರೋನು ಮಾತ್ರ ಪರದೇಶದವನು. ಹಾಗಾಗಿ ಚಿತ್ರ ನೋಡಿ ಚರಿತ್ರೆ ಹೇಳೋಕೆ ಹೋಗ್ಬೇಡ, ಮೊದ್ಲು ತಕ್ಕಡೀಲಿಡು, ಅಳತೆ ತಗೋ, ಆಮೇಲೆ ಓದು.

ಮುಖಾನೂ ಅಷ್ಟೇ. ಇವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಚಕ್ರವರ್ತಿ ವೆಸ್ಪೇಸಿಯನ್‌ನ ಸೆಸ್ಟರ್ಷಿಯಸ್ ಅನ್ನೋ ಹಿತ್ತಾಳೆ ನಾಣ್ಯ ಯಾವ್ದಾದ್ರೂ ಮ್ಯೂಸಿಯಂನಲ್ಲಿ ನೋಡು, 25 ಗ್ರಾಂ ಆಸುಪಾಸಿನ ಬಿಲ್ಲೆ, ಬೋಳು ತಲೆ, ದಪ್ಪ ಕುತ್ತಿಗೆ, ಹಣೆ ಸುಕ್ಕು, ನಮ್ಮೂರ ಶಾನುಭೋಗರ ಥರ. ನಿನ್ನ ಕಾಸಲ್ಲಿ ಬರೀ ದೊಡ್ಡ ಕಣ್ಣು, ಮುತ್ತಿನ ಪಟ್ಟಿ, ಕಾನ್‌ಸ್ಟಾಂಟಿಯಸ್, ಅವನಪ್ಪ, ಅಣ್ಣತಮ್ಮಂದಿರು ಎಲ್ರಿಗೂ ಒಂದೇ ಮುಖ. ನಂಗೇನೋ ಆ ಸುಕ್ಕೇ ಇಷ್ಟ.

ಹಿಂಬದಿಯಲ್ಲಿ ಚಿತ್ರದ ಕೆಳಗೆ ಪುಟಾಣಿ ಅಕ್ಷರ ಇರುತ್ತೆ, ಯಾವೂರ ಟಂಕಸಾಲೆಯದು ಅನ್ನೋ ಗುರುತು, ಎಸ್‌ಎಂಎಎನ್ ಅಂತಿದ್ರೆ ಆಂಟಿಯೋಕ್, ಎಎಲ್‌ಇ ಇದ್ರೆ ಅಲೆಕ್ಸಾಂಡ್ರಿಯ. ಫೋಟೋದಲ್ಲಿ ಅದರ ಮೇಲೇ ಮಣ್ಣಿದೆ, ಅಲ್ಲಿಂದ್ಲೇ ಕೆರೆಯೋಕೆ ಶುರು ಮಾಡು. ಯುಗಾದಿಗೆ ಬರೋವಾಗ ಬ್ಯಾಗಲ್ಲಿ ತರ್ಬೇಡ, ನೂರು ವರ್ಷ ದಾಟಿದ ಕಾಸು ಇಲ್ಲಿಂದ ವಾಪಸ್ ಒಯ್ಯೋದು ದೊಡ್ಡ ತಲೆನೋವು. ಹಗಲು ಬೆಳಕಲ್ಲಿ, ಪಕ್ಕಕ್ಕೆ ಸ್ಕೇಲಿಟ್ಟು ಇನ್ನೊಂದು ಫೋಟೋ ಕಳ್ಸು.

ನಿನ್ನ ದೊಡ್ಡಪ್ಪ